ಆ ಸೆಕೆ ಬಿಸಿಲಿನದಲ್ಲ, ಅಕ್ಕಾ

ಮೊಳಕಾಲ್ಮೂರಿನಲ್ಲಿ ಮಗ್ಗದ ಮುಂದೆ ಕೂತಾಗ, ಚಳ್ಳಕೆರೆಯಲ್ಲಿ ಶೇಂಗಾ ಬಿಡಿಸುವಾಗ, ಕುತ್ತಿಗೆಯಿಂದ ಕೆನ್ನೆಗೆ ದಿಢೀರನೆ ಬಿಸಿ ಏರಿ ರವಿಕೆ ಒದ್ದೆಯಾಯಿತೇ? ನಮ್ಮೂರ ಬಿಸಿಲನ್ನೇ ದೂರಬೇಡಿ. ಮುಟ್ಟು ನಿಲ್ಲುವ ಕಾಲ ಹತ್ತಿರವಾದಂತೆ, 45ರ ಆಸುಪಾಸಿನಲ್ಲಿ, ಈಸ್ಟ್ರೋಜನ್ ಎಂಬ ಹಾರ್ಮೋನು ಏರಿಳಿದು ಹೀಗಾಗುತ್ತದೆ. ನಿದ್ದೆ ಕೆಡುತ್ತದೆ, ಸುಮ್ಮಸುಮ್ಮನೆ ಅಳು ಬರುತ್ತದೆ. ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸಿಕೊಂಡು ಕೂರದೆ ತಾಲ್ಲೂಕು ಆಸ್ಪತ್ರೆಗೆ ಹೋಗಿ; ಥೈರಾಯ್ಡ್ ತೊಂದರೆ, ರಕ್ತಹೀನತೆಯೂ ಇದೇ ವೇಷ ಹಾಕುತ್ತವೆ. ಸಂಜೆಯ ಚಹಾ ಬಿಡಿ, ಹೊಗೆಸೊಪ್ಪನ್ನಂತೂ ಪೂರ್ತಿ ಬಿಡಿ. ಹತ್ತಿ ಸೀರೆ ಉಡಿ, ಬಿಸಿಲಿಳಿದ ಮೇಲೆ ಜೊತೆಗಾತಿಯೊಂದಿಗೆ ನಡೆಯಿರಿ. ಮುಟ್ಟು ನಿಂತು 12 ತಿಂಗಳಾದ ಮೇಲೆ ಹನಿ ರಕ್ತ ಕಂಡರೂ ತಡಮಾಡದೆ ತೋರಿಸಿ. ಎರಡು ವಾರವಾದರೂ ಮನಸ್ಸಿನ ಮಂಕು ಕಳೆಯದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ: ಹಗಲೂ ರಾತ್ರಿ, ಉಚಿತವಾಗಿ, ಕನ್ನಡದಲ್ಲೇ ಮಾತಾಡುತ್ತಾರೆ. ಬದುಕೇ ಬೇಡ ಎನಿಸಿದರೆ ಒಂದು ದಿನವೂ ಕಾಯಬೇಡಿ. ಇದನ್ನು ಯಜಮಾನರಿಗೂ ಓದಿ ಹೇಳಿ.