ಗುಳಿಗೆಯಿಂದ ಇಳಿಯುವುದು ಬರೀ ನೀರು

ತಂಗಿ, ಕಬ್ಬು ನುರಿಸುವ ಹಂಗಾಮು ಮುಗಿಯಿತೆಂದರೆ ನಮ್ಮ ಸಮೀರವಾಡಿ ಕಡೆ ಮದುವೆ ಮಾತು ಶುರು. ಕನ್ಯೆ ನೋಡಲು ಬಂದವರು ಚಹಾ ಕುಡಿದು, 'ಹುಡುಗಿ ಸ್ವಲ್ಪ ದಪ್ಪ' ಎಂದು ಎದ್ದು ಹೋಗುತ್ತಾರೆ. ಆ ಮಾತು ಮನಸ್ಸಿಗೆ ನಾಟಿದರೆ ಊಟ ಸೇರದು. ಆಮೇಲೆ ಹಸಿವು ತಡೆಯಲಾರದೆ ಒಮ್ಮೆಲೇ ಗಬಗಬ ತಿನ್ನುವುದು, ತಿಂದದ್ದಕ್ಕೆ ಹೆದರಿ ಕದ್ದು ಭೇದಿ ಗುಳಿಗೆ ನುಂಗುವುದು. ಇದನ್ನು ಸೊಕ್ಕು ಎನ್ನುವವರಿದ್ದಾರೆ. ನಾನು ಕಾಯಿಲೆ ಎನ್ನುತ್ತೇನೆ, ವೈದ್ಯರೂ ಹಾಗೇ ಎನ್ನುತ್ತಾರೆ.

ಭೇದಿ ಗುಳಿಗೆಯ ಕೆಲಸ ಹೆಚ್ಚಾಗಿ ದೊಡ್ಡ ಕರುಳಿನಲ್ಲಿ. ಉಂಡದ್ದರ ಸಾರವನ್ನು ಅದಕ್ಕೂ ಮೊದಲೇ ಸಣ್ಣ ಕರುಳು ಹೀರಿಕೊಂಡಿರುತ್ತದೆ. ಗಾಣದಲ್ಲಿ ರಸ ಹಿಂಡಿದ ಮೇಲೆ ಸಿಪ್ಪೆಯನ್ನು ಎಷ್ಟು ದೂರ ಎಸೆದರೇನು, ಸಕ್ಕರೆ ಕಡಿಮೆಯಾದೀತೇ? ತೂಕದಲ್ಲಿ ಕಾಣುವ ಇಳಿಕೆ ನೀರಿನದು. ಅದರ ಜೊತೆಗೆ ಪೊಟ್ಯಾಸಿಯಂ ಹರಿದುಹೋಗುತ್ತದೆ. ಅದು ತೀರ ಕುಸಿದರೆ ಎಳೆ ವಯಸ್ಸಿನವರ ಹೃದಯವೂ ನಿಂತೀತು. ಸೋನಾಮುಖಿ ಚೂರ್ಣ ಗಿಡಮೂಲಿಕೆಯಲ್ಲವೇ ಎನ್ನಬೇಡ, ಅದು ಮಾಡುವುದೂ ಇದೇ.

ಬಿಡುವಾಗಿನ ಕಷ್ಟವನ್ನು ಮಾತ್ರ ಯಾರೂ ಮೊದಲೇ ಹೇಳುವುದಿಲ್ಲ. ಗುಳಿಗೆ ನಿಲ್ಲಿಸಿದ ಮೇಲೆ ಮೈ ನೀರನ್ನು ಹಿಡಿದಿಡುತ್ತದೆ. ಕಾಲು ಬಾಯುತ್ತದೆ, ಹೊಟ್ಟೆ ಉಬ್ಬುತ್ತದೆ, ತೂಕದ ಮುಳ್ಳು ಮೇಲೇರುತ್ತದೆ. ದಪ್ಪಗಾದೆನೆಂದು ಗಾಬರಿಬಿದ್ದು ಹುಡುಗಿಯರು ಮತ್ತೆ ಅದೇ ಗುಳಿಗೆಗೆ ಕೈ ಹಾಕುವುದು ಈ ದಿನಗಳಲ್ಲೇ. ಆ ಬಾವು ಕೊಬ್ಬಲ್ಲ, ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಇಳಿಯುತ್ತದೆ. ಬಹುದಿನ ನುಂಗಿದ್ದರೆ ವೈದ್ಯರಿಗೆ ಮುಚ್ಚಿಡದೆ ಹೇಳಿ, ರಕ್ತ ಪರೀಕ್ಷೆ, ಇಸಿಜಿ ಮಾಡಿಸಿಕೊಂಡು ಬಿಡು. ಎದೆ ಢವಢವ, ತಲೆಸುತ್ತು, ಕೈಕಾಲು ಸೆಳೆತ ಕಂಡರೆ ಅಂದೇ ಆಸ್ಪತ್ರೆಗೆ ಹೋಗು.

'ಸ್ಲಿಮ್ಮಿಂಗ್' ಪೊಟ್ಟಣಗಳ ಹತ್ತಿರವೂ ಹೋಗಬೇಡ. ಹಸಿವು ಕೊಲ್ಲುವ ಸಿಬುಟ್ರಾಮಿನ್ ಹೃದಯಕ್ಕೆ ಅಪಾಯವೆಂದು 2011ರಲ್ಲೇ ನಮ್ಮ ದೇಶದಲ್ಲಿ ನಿಷೇಧವಾಯಿತು. ಆದರೂ 'ಹರ್ಬಲ್' ಎಂದು ಮಾರುವ ಪೊಟ್ಟಣಗಳಲ್ಲಿ ಅದರ ಬೆರಕೆ ಸಿಕ್ಕಿದ್ದುಂಟು.

ಮುಧೋಳದ ಗರಡಿಗೆ ಹೋಗುವ ನಿನ್ನ ತಮ್ಮನಿಗೂ ಹೇಳು. ಕುಸ್ತಿಯ ತೂಕಕ್ಕೆಂದು ಮೂತ್ರ ಹೆಚ್ಚಿಸುವ ಗುಳಿಗೆ ನುಂಗಿದರೆ ಪೊಟ್ಯಾಸಿಯಂ ಅವನದೂ ಹೋಗುತ್ತದೆ. ಮೇಲಾಗಿ ಅಂಥ ಗುಳಿಗೆ ಕ್ರೀಡೆಯಲ್ಲಿ ಉದ್ದೀಪನ ಮದ್ದು ತಡೆಯುವ ಜಾಗತಿಕ ಸಂಸ್ಥೆ ವಾಡಾದ ನಿಷೇಧ ಪಟ್ಟಿಯಲ್ಲಿದೆ.

ಅವ್ವನ ಮುಂದೆ ಬಾಯಿ ಬರದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ ಫೋನ್ ಮಾಡು. ಹಗಲು ರಾತ್ರಿ ಇರುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ಗೆ ಹೋಗಬೇಕಾಗಿ ಬಂದರೆ ನನಗೆ ಹೇಳು, ಜೊತೆಗೆ ನಾನು ಬರುತ್ತೇನೆ.