ವಿದ್ಯುತ್ ಕಾರು: ಅದರ ಗುಣವೂ ಮಿತಿಯೂ

ಹುಬ್ಬಳ್ಳಿಯಿಂದ ಹಾವೇರಿ, ದಾವಣಗೆರೆಗಳ ಮೇಲೆ ಹಾಯ್ದು ಬೆಂಗಳೂರಿಗೆ ಹೋಗುವ ರೇಲ್ವೆ ಮಾರ್ಗದಲ್ಲಿ ಯಲವಿಗಿ ಒಂದು ಚಿಕ್ಕ ನಿಲ್ದಾಣ. ಸವಣೂರು ತಾಲೂಕಿನ ಈ ಊರಿನ ಹಳಿಗಳ ಮೇಲೆ ಮೊದಲು ಉಗಿಯ ಎಂಜಿನ್ ಓಡಿತು. ತರುವಾಯ ಡೀಸೆಲ್ ಎಂಜಿನ್ ಬಂದಿತು. ಈಗ ಹಳಿಗಳ ಮೇಲುಗಡೆ 25,000 ವೋಲ್ಟುಗಳ ತಂತಿ ಹಾಯ್ದಿದೆ. 2023ರ ಜೂನ್ ತಿಂಗಳಿನಿಂದ ಬೆಂಗಳೂರು–ಧಾರವಾಡಗಳ ನಡುವಣ ವಂದೇ ಭಾರತ್ ಗಾಡಿ ಇದೇ ಮಾರ್ಗವಾಗಿ ವಿದ್ಯುದ್ಬಲದಿಂದಲೇ ಓಡುತ್ತಿದೆ. ನೂರಾರು ಟನ್ ತೂಕದ ಗಾಡಿಯನ್ನು ಇಷ್ಟು ಸುಲಭವಾಗಿ ಎಳೆಯಬಲ್ಲ ವಿದ್ಯುತ್ತು, ಒಂದು ಟನ್ನಿಗೆ ಸ್ವಲ್ಪ ಮಿಕ್ಕ ಕಾರನ್ನು ಎಳೆಯುವ ಮಾತು ಬಂದಾಗ ಮಾತ್ರ ಇಷ್ಟೊಂದು ಚರ್ಚೆಗೆ ಕಾರಣವಾಗುವುದೇಕೆ? ಪೆಟ್ರೋಲ್ ಕಾರನ್ನು ಬಿಟ್ಟು ವಿದ್ಯುತ್ ಕಾರನ್ನು ಕೊಳ್ಳುವುದು ಲಾಭವೋ ನಷ್ಟವೋ ಎಂದು ಇಂದು ಅನೇಕ ಮನೆಗಳಲ್ಲಿ ವಿಚಾರ ನಡೆದಿದೆ. ಭೌತಶಾಸ್ತ್ರದ ನಾಲ್ಕು ಸರಳ ಲೆಕ್ಕಗಳನ್ನು ಮಾಡಬಲ್ಲ ವಿದ್ಯಾರ್ಥಿಯು ಈ ಪ್ರಶ್ನೆಗೆ ತಾನೇ ಉತ್ತರವನ್ನು ಕಂಡುಕೊಳ್ಳಬಹುದು.

ಮೋಟಾರಿನ ಹಿರಿಮೆ

ಮೊದಲು ಗುಣವನ್ನು ನೋಡೋಣ. ಪೆಟ್ರೋಲ್ ಎಂಜಿನ್ ಒಂದು ಉಷ್ಣಯಂತ್ರ. ಇಂಧನವು ಉರಿದು ಬಿಡುಗಡೆಯಾಗುವ ಶಕ್ತಿಯಲ್ಲಿ ಸುಮಾರು ಕಾಲು ಭಾಗ ಮಾತ್ರ ಗಾಲಿಗಳನ್ನು ತಿರುಗಿಸಲು ಒದಗುವುದು. ಉಳಿದ ಮುಕ್ಕಾಲು ಭಾಗವು ಹೊಗೆಯ ಕೊಳವೆಯಿಂದಲೂ ತಂಪು ಮಾಡುವ ನೀರಿನಿಂದಲೂ ಉಷ್ಣವಾಗಿ ಗಾಳಿಗೆ ಸೇರುವುದು. ವಿದ್ಯುತ್ ಮೋಟಾರಿಗೆ ಈ ಬಂಧನವಿಲ್ಲ. ತಾನು ಪಡೆದ ಶಕ್ತಿಯ ನೂರಕ್ಕೆ ತೊಂಬತ್ತರಷ್ಟನ್ನು ಅದು ಚಲನೆಯಾಗಿ ಮಾರ್ಪಡಿಸಬಲ್ಲದು. ನಿಂತ ಸ್ಥಿತಿಯಿಂದಲೇ ಪೂರ್ಣ ತಿರುಚುಬಲವನ್ನು ಕೊಡುವುದರಿಂದ ಅದಕ್ಕೆ ಹಲವು ಗೇರುಗಳು ಬೇಕಿಲ್ಲ. ವಾಹನ ನಿಂತಾಗ ಅದು ಏನನ್ನೂ ವ್ಯಯಿಸದು. ಬ್ರೇಕು ಹಾಕುವಾಗ ಮೋಟಾರೇ ಡೈನಮೊ ಆಗಿ, ಗತಿಶಕ್ತಿಯ ಒಂದಂಶವನ್ನು ಬ್ಯಾಟರಿಗೆ ಮರಳಿಸುವುದು. ಇಷ್ಟರ ಮಟ್ಟಿಗೆ ವಿದ್ಯುತ್ತಿಗೆ ಎದುರಾಳಿಯೇ ಇಲ್ಲವೆನ್ನಬಹುದು.

ಬುತ್ತಿಯ ತೂಕ

ತೊಡಕು ಇರುವುದು ಮೋಟಾರಿನಲ್ಲಲ್ಲ, ಶಕ್ತಿಯ ಸಂಗ್ರಹದಲ್ಲಿ. ರೈಲಿಗೆ ದಾರಿಯುದ್ದಕ್ಕೂ ತಂತಿಯ ಮೂಲಕ ಊಟ ದೊರೆಯುವುದು. ಕಾರಾದರೋ ಹೊಲಕ್ಕೆ ಹೋಗುವ ರೈತನಂತೆ ತನ್ನ ಬುತ್ತಿಯನ್ನು ತಾನೇ ಹೊತ್ತು ನಡೆಯಬೇಕು. ಈ ಬುತ್ತಿಯ ಭಾರವೇ ಎಲ್ಲ ಕಥೆಯ ಮೂಲ.

ಒಂದು ಕಿಲೋಗ್ರಾಂ ಪೆಟ್ರೋಲಿನಲ್ಲಿ ಸುಮಾರು 12,500 ವ್ಯಾಟ್-ಗಂಟೆಗಳಷ್ಟು ಶಕ್ತಿ ಅಡಗಿದೆ. ಇಂದಿನ ಕಾರುಗಳಲ್ಲಿ ಬಳಸುವ ಲಿಥಿಯಂ-ಅಯಾನ್ ಬ್ಯಾಟರಿಯು ತನ್ನ ಕವಚ, ತಂತಿಗಳೆಲ್ಲವೂ ಸೇರಿ ಒಂದು ಕಿಲೋಗ್ರಾಮಿಗೆ ಸುಮಾರು 150 ವ್ಯಾಟ್-ಗಂಟೆಗಳನ್ನು ಹಿಡಿಯುವುದು. ಎಂಜಿನ್ನು ಮುಕ್ಕಾಲು ಪಾಲನ್ನು ಹಾಳುಮಾಡುವುದೆಂಬುದನ್ನು ಗಣಿಸಿದರೂ ಪೆಟ್ರೋಲು ಇಪ್ಪತ್ತು ಪಟ್ಟಿಗೂ ಮೇಲಾಗಿ ಉಳಿಯುವುದು. 30 ಕಿಲೋವ್ಯಾಟ್-ಗಂಟೆ, ಅಂದರೆ 30 ಯೂನಿಟ್ ಹಿಡಿಯುವ ಬ್ಯಾಟರಿ 200 ಕಿಲೋಗ್ರಾಂ ತೂಗುವುದು. ಅದು ಮಾಡುವ ಕೆಲಸವನ್ನು ಒಂಬತ್ತು ಕಿಲೋಗ್ರಾಂ ಪೆಟ್ರೋಲು ಮಾಡಬಲ್ಲದು. ಮೇಲಾಗಿ ಪೆಟ್ರೋಲು ದಾರಿಯಲ್ಲಿ ಕರಗುತ್ತ ಹಗುರಾಗುವುದು. ಬ್ಯಾಟರಿಯು ಬರಿದಾದರೂ ಅದರ ತೂಕವನ್ನು ಹೊತ್ತೇ ತಿರುಗಬೇಕು.

ಈ ತೊಡಕು ಹೊಸದಲ್ಲ. ಫ್ರಾನ್ಸಿನ ಗಾಸ್ತೊನ್ ಪ್ಲಾಂತೆ 1859ರಲ್ಲಿ ಸೀಸ-ಆಮ್ಲದ ಬ್ಯಾಟರಿಯನ್ನು ರಚಿಸಿದನು. ಗಂಟೆಗೆ 100 ಕಿಲೋಮೀಟರಿನ ವೇಗವನ್ನು ಮೊತ್ತಮೊದಲು ಮೀರಿದ ಮೋಟಾರು ಗಾಡಿ ವಿದ್ಯುತ್ತಿನದೇ. 1899ರಲ್ಲಿ ಬೆಲ್ಜಿಯಮಿನ ಕಾಮಿಲ್ ಜೆನಾತ್ಸಿ ಅದನ್ನು ಓಡಿಸಿದನು. ಆದರೂ ಪೆಟ್ರೋಲಿನ ಹಗುರವಾದ ಬುತ್ತಿಯ ಮುಂದೆ ಸೀಸದ ಭಾರವಾದ ಬುತ್ತಿ ಸೋತಿತು.

ನಮ್ಮ ನಾಡಿನಲ್ಲಿಯೇ ಇದಕ್ಕೆ ಒಳ್ಳೆಯ ನಿದರ್ಶನವಿದೆ. ಬೆಂಗಳೂರಿನಲ್ಲಿ ತಯಾರಾಗಿ 2001ರಲ್ಲಿ ಮಾರುಕಟ್ಟೆಗೆ ಬಂದ ‘ರೇವಾ’ ಎಂಬ ಪುಟ್ಟ ಕಾರಿನಲ್ಲಿ 48 ವೋಲ್ಟುಗಳ ಸೀಸ-ಆಮ್ಲದ ಬ್ಯಾಟರಿಗಳಿದ್ದುವು. ಅವು ಹಿಡಿಯುತ್ತಿದ್ದುದು 10 ಯೂನಿಟ್ಟಿಗೂ ಕಡಿಮೆ. ಕಿಲೋಗ್ರಾಮಿಗೆ 35 ವ್ಯಾಟ್-ಗಂಟೆಯಂತೆ ಲೆಕ್ಕ ಹಾಕಿದರೆ ಅಷ್ಟಕ್ಕೇ ಸುಮಾರು 270 ಕಿಲೋಗ್ರಾಂ ಬ್ಯಾಟರಿ ಬೇಕಾಗುವುದು. ಒಮ್ಮೆ ತುಂಬಿದರೆ ಕಾರು ಸುಮಾರು 80 ಕಿಲೋಮೀಟರ್ ಓಡುತ್ತಿತ್ತು. ಲಂಡನ್ನಿನಲ್ಲಿ ಇದು ‘ಜಿ-ವಿಜ್’ ಎಂಬ ಹೆಸರಿನಿಂದ ಓಡಾಡಿತು. ಅಲ್ಲಿ ನಗರದ ನಡುಭಾಗಕ್ಕೆ ಬರುವ ಕಾರುಗಳು ತೆರಬೇಕಾದ ಶುಲ್ಕದಿಂದ ಇದಕ್ಕೆ ವಿನಾಯಿತಿ ಇದ್ದಿತು. ದಿನಕ್ಕೆ ಸ್ವಲ್ಪವೇ ದೂರ ಓಡಾಡುವ ನಗರವಾಸಿಗೆ 80 ಕಿಲೋಮೀಟರು ಧಾರಾಳವಾಯಿತು. ವಿದ್ಯುತ್ ಕಾರಿನ ಯೋಗ್ಯತೆಯನ್ನು ಕಾರೊಂದೇ ನಿರ್ಣಯಿಸುವುದಿಲ್ಲ. ಅದು ಓಡಾಡುವ ಊರೂ ನಿರ್ಣಯಿಸುವುದು. 2010ರಲ್ಲಿ ರೇವಾ ಸಂಸ್ಥೆಯು ಮಹೀಂದ್ರ ಸಂಸ್ಥೆಯ ವಶಕ್ಕೆ ಬಂದಿತು. ಅಷ್ಟರಲ್ಲಿ, 1991ರಲ್ಲಿ ಮಾರುಕಟ್ಟೆಗೆ ಬಂದಿದ್ದ ಲಿಥಿಯಂ-ಅಯಾನ್ ಬ್ಯಾಟರಿಯು ಕಾರಿಗೂ ಒದಗತೊಡಗಿತ್ತು. ಇದನ್ನು ಸಾಧಿಸಿದ ಗುಡ್‌ಇನಫ್, ವಿಟಿಂಗ್‌ಹ್ಯಾಮ್ ಮತ್ತು ಯೋಶಿನೊ ಅವರಿಗೆ 2019ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಸಂದಿತು.

ನೂರು ಕಿಲೋಮೀಟರಿನ ಲೆಕ್ಕ

ಯಲವಿಗಿಯ ಒಬ್ಬ ಗೃಹಸ್ಥನು ಹುಬ್ಬಳ್ಳಿಗೆ ಹೋಗಿಬರಲು ಒಟ್ಟು 100 ಕಿಲೋಮೀಟರ್ ಕಾರು ಓಡಿಸುವನೆಂದು ಲೆಕ್ಕದ ಸೌಕರ್ಯಕ್ಕಾಗಿ ಭಾವಿಸೋಣ. ಕಾರು ಮತ್ತು ಜನರ ತೂಕ 1,300 ಕಿಲೋಗ್ರಾಂ. ಸಮತಟ್ಟಾದ ರಸ್ತೆಯಲ್ಲಿ ಗಾಲಿಗಳ ಉರುಳುಘರ್ಷಣೆ ತೂಕದ ನೂರಕ್ಕೆ 1.2ರಷ್ಟು ಎಂದಿಟ್ಟುಕೊಂಡರೆ ಅದು ಸುಮಾರು 153 ನ್ಯೂಟನ್. ಗಂಟೆಗೆ 60 ಕಿಲೋಮೀಟರಿನ ವೇಗದಲ್ಲಿ ಗಾಳಿಯ ತಡೆ ಸುಮಾರು 117 ನ್ಯೂಟನ್. ಒಟ್ಟು 270 ನ್ಯೂಟನ್ ಬಲದಿಂದ ಒಂದು ಲಕ್ಷ ಮೀಟರ್ ಸಾಗಲು ಬೇಕಾಗುವ ಕೆಲಸ 27 ಮೆಗಾಜೂಲ್, ಅಂದರೆ ಏಳೂವರೆ ಯೂನಿಟ್. ನಿಲ್ಲುವುದು, ಹೊರಡುವುದು, ಏರುದಾರಿ, ಒಳಗಿನ ತಂಪುಯಂತ್ರ, ಮೋಟಾರಿನ ನಷ್ಟ ಇವನ್ನೆಲ್ಲ ಕೂಡಿಸಿದರೆ ಬ್ಯಾಟರಿಯಿಂದ 13 ಯೂನಿಟ್ ಹೋಗುವುದು. ಬ್ಯಾಟರಿಯನ್ನು ತುಂಬುವಾಗಿನ ನಷ್ಟವನ್ನೂ ಸೇರಿಸಿ ಮನೆಯ ಮೀಟರಿನಲ್ಲಿ 15 ಯೂನಿಟ್ ಏರುವುದೆನ್ನೋಣ.

ಗಾಳಿಯ ತಡೆಯು ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದೆಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು. ಹೆದ್ದಾರಿಯಲ್ಲಿ ಗಂಟೆಗೆ 100 ಕಿಲೋಮೀಟರಿನಂತೆ ಓಡಿಸಿದರೆ ಅದೇ ತಡೆ 117ರಿಂದ 324 ನ್ಯೂಟನ್ನಿಗೆ ಏರಿ, ಒಟ್ಟು ಕೆಲಸ 13 ಯೂನಿಟ್ಟಿಗೂ ಮಿಕ್ಕುವುದು. ನಿಧಾನವಾಗಿ ಇನ್ನೂರು ಕಿಲೋಮೀಟರ್ ಓಡುವ ಕಾರು ಅವಸರದಲ್ಲಿ ನೂರೈವತ್ತಕ್ಕೇ ದಣಿಯುವುದು ಈ ಕಾರಣದಿಂದ.

ಹಣದ ಲೆಕ್ಕವೂ ಸರಳ. ಯೂನಿಟ್ಟಿಗೆ 8 ರೂಪಾಯಿಯಂತೆ 15 ಯೂನಿಟ್ಟಿಗೆ 120 ರೂಪಾಯಿ. ಲೀಟರಿಗೆ 18 ಕಿಲೋಮೀಟರ್ ಓಡುವ ಪೆಟ್ರೋಲ್ ಕಾರಿಗೆ ಐದೂವರೆ ಲೀಟರು ಬೇಕು. ಲೀಟರಿಗೆ 100 ರೂಪಾಯಿ ಹಿಡಿದರೆ 550 ರೂಪಾಯಿ. ನೂರು ಕಿಲೋಮೀಟರಿಗೆ 430 ರೂಪಾಯಿ ಉಳಿಯಿತು. ಆದರೆ ವಿದ್ಯುತ್ ಕಾರಿನ ಬೆಲೆ ಹೆಚ್ಚು. ಆ ವ್ಯತ್ಯಾಸ ಮೂರು ಲಕ್ಷ ರೂಪಾಯಿ ಎಂದಾದರೆ ಅದನ್ನು ತೀರಿಸಲು ಕಾರು ಸುಮಾರು 70,000 ಕಿಲೋಮೀಟರ್ ಓಡಬೇಕು. ದಿನಕ್ಕೆ 100 ಕಿಲೋಮೀಟರ್ ಓಡಿಸುವವನಿಗೆ ಇದು ಎರಡು ಮೂರು ವರ್ಷಗಳ ಮಾತು. ವಾರಕ್ಕೊಮ್ಮೆ ಸಂತೆಗೂ, ಅಪರೂಪಕ್ಕೆ ಮದುವೆ ಮುಂಜಿವೆಗಳಿಗೂ ಕಾರನ್ನು ಹೊರತೆಗೆಯುವವನ ಆಯುಷ್ಯದಲ್ಲಿ ಈ ಸಾಲ ತೀರಲಾರದು.

ತುಂಬುವ ಕಾಲ

ಪೆಟ್ರೋಲ್ ಬಂಕಿನ ರಬ್ಬರು ಕೊಳವೆಯಿಂದ ನಿಮಿಷಕ್ಕೆ ಸುಮಾರು 30 ಲೀಟರು ಹರಿಯುವುದು. ಲೀಟರಿಗೆ 9 ಯೂನಿಟ್ಟಿನಂತೆ ನಿಮಿಷಕ್ಕೆ 270 ಯೂನಿಟ್ ಶಕ್ತಿ. ಇದನ್ನು ಸಾಮರ್ಥ್ಯಕ್ಕೆ ಪರಿವರ್ತಿಸಿದರೆ 16 ಮೆಗಾವ್ಯಾಟಿಗೂ ಮಿಕ್ಕುವುದು! ಹತ್ತು ಯಂತ್ರಗಳುಳ್ಳ ಶರಾವತಿಯ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವ್ಯಾಟ್. ಅಂದಮೇಲೆ ಅರವತ್ತು ನಾಲ್ಕು ಪೆಟ್ರೋಲ್ ಕೊಳವೆಗಳು ಒಮ್ಮೆಲೇ ಹರಿದರೆ ಅವುಗಳ ಹರಿವು ಶರಾವತಿಗೆ ಸಮವಾಯಿತು.

ಇದಕ್ಕೆದುರಾಗಿ ಮನೆಯ 15 ಆಂಪಿಯರಿನ ಪ್ಲಗ್ಗಿನಿಂದ ದೊರೆಯುವುದು 3.3 ಕಿಲೋವ್ಯಾಟ್. 30 ಯೂನಿಟ್ಟಿನ ಬ್ಯಾಟರಿ ತುಂಬಲು ಹತ್ತು ಗಂಟೆ. ಮಲಗುವ ಮುನ್ನ ಪ್ಲಗ್ ಚುಚ್ಚಿ ಬೆಳಿಗ್ಗೆ ತೆಗೆಯುವವನಿಗೆ ಇದು ಕಷ್ಟವೇನಲ್ಲ. ಆದರೆ ಯಲವಿಗಿಯಿಂದ ಸುಮಾರು 350 ಕಿಲೋಮೀಟರ್ ದೂರದ ಬೆಂಗಳೂರಿಗೆ ಹೊರಟವನು ದಾರಿಯಲ್ಲಿ ಎರಡು ಸಲವಾದರೂ ನಿಲ್ಲಬೇಕು. ಹೆದ್ದಾರಿಯ ಬದಿಯ 50 ಕಿಲೋವ್ಯಾಟಿನ ಶೀಘ್ರ ಚಾರ್ಜಿಂಗ್ ಕೇಂದ್ರದಲ್ಲಿಯೂ ಪ್ರತಿಸಲ ಮುಕ್ಕಾಲು ಗಂಟೆಯಾದರೂ ಬೇಕು. ಮುಂದೆ ಮತ್ತೊಂದು ಕಾರು ನಿಂತಿದ್ದರೆ ಕಾಯುವ ಹೊತ್ತು ಬೇರೆ.

ಊರಿನ ವಿದ್ಯುಜ್ಜಾಲದ ವಿಚಾರವೂ ಇದೆ. ಹಳ್ಳಿಗಳಲ್ಲಿ 63 ಕಿಲೋವೋಲ್ಟ್-ಆಂಪಿಯರಿನ ಟ್ರಾನ್ಸ್‌ಫಾರ್ಮರುಗಳು ಸಾಮಾನ್ಯ. ಅಂಥ ಒಂದರ ಕೆಳಗೆ ಹತ್ತು ಮನೆಗಳವರು ಒಂದೇ ರಾತ್ರಿ ಕಾರುಗಳನ್ನು ಚಾರ್ಜಿಗೆ ಹಚ್ಚಿದರೆ 33 ಕಿಲೋವ್ಯಾಟ್, ಅಂದರೆ ಅದರ ಅರ್ಧಕ್ಕೂ ಮಿಕ್ಕ ಬಲ ಅಲ್ಲಿಗೇ ಮುಗಿಯುವುದು. ದೀಪ, ಫ್ಯಾನು, ಹಿಟ್ಟಿನ ಗಿರಣಿ, ನೀರೆತ್ತುವ ಪಂಪುಗಳು ಉಳಿದರ್ಧವನ್ನು ಹಂಚಿಕೊಳ್ಳಬೇಕಾಗುವುದು. ಕಾರಿಗಿಂತ ಮೊದಲು ಟ್ರಾನ್ಸ್‌ಫಾರ್ಮರು ದೊಡ್ಡದಾಗುವುದು ಅಗತ್ಯ.

ಹೊಗೆ ಎಲ್ಲಿಗೆ ಹೋಯಿತು?

ವಿದ್ಯುತ್ ಕಾರಿಗೆ ಹೊಗೆಯ ಕೊಳವೆಯಿಲ್ಲ. ಪೇಟೆಯ ಗಾಳಿಗೆ ಇದು ನಿಸ್ಸಂದೇಹವಾಗಿ ಹಿತಕರ. ಆದರೆ ವಿದ್ಯುತ್ತು ಎಲ್ಲಿಂದ ಬಂದಿತೆಂದು ಕೇಳದೆ ಲೆಕ್ಕ ಪೂರ್ತಿಯಾಗದು. ನಮ್ಮ ರಾಜ್ಯದಲ್ಲಿ ಶರಾವತಿಯ ಜಲಶಕ್ತಿ, ಕೈಗಾದ ಅಣುಶಕ್ತಿ, ಪಾವಗಡದ ಸೌರಶಕ್ತಿ, ಗದಗು ಸೀಮೆಯ ಗಾಳಿಯಂತ್ರಗಳು ಇವೆ. ರಾಯಚೂರು, ಬಳ್ಳಾರಿಗಳಲ್ಲಿ ಕಲ್ಲಿದ್ದಲೂ ಉರಿಯುತ್ತಿದೆ. ಇಡೀ ಭಾರತದ ಸರಾಸರಿಯನ್ನು ತೆಗೆದುಕೊಂಡರೆ ಒಂದು ಯೂನಿಟ್ಟಿಗೆ ಸುಮಾರು 0.7 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡು ಹೊರಬೀಳುವುದು. ನಮ್ಮ 15 ಯೂನಿಟ್ಟಿಗೆ ಹತ್ತೂವರೆ ಕಿಲೋಗ್ರಾಂ. ಒಂದು ಲೀಟರು ಪೆಟ್ರೋಲು ಉರಿದರೆ 2.3 ಕಿಲೋಗ್ರಾಂ, ಐದೂವರೆ ಲೀಟರಿಗೆ ಹನ್ನೆರಡೂವರೆಗೆ ಸ್ವಲ್ಪ ಮೇಲು. ಕಚ್ಚಾತೈಲವನ್ನು ತೆಗೆದು ಶುದ್ಧೀಕರಿಸಿ ಸಾಗಿಸುವ ಖರ್ಚನ್ನೂ ಕೂಡಿಸಿದರೆ ಹದಿನೈದರ ಹತ್ತಿರ.

ಉಳಿತಾಯವಿದೆ, ಆದರೆ ಜನ ತಿಳಿದಷ್ಟಿಲ್ಲ. ವಿದ್ಯುತ್ತೆಲ್ಲ ಕಲ್ಲಿದ್ದಲಿನಿಂದಲೇ ಬಂದರೆ ಯೂನಿಟ್ಟಿಗೆ ಒಂದು ಕಿಲೋಗ್ರಾಮಿನಂತೆ ಉಳಿತಾಯವೇ ಇಲ್ಲ. ಬಿಸಿಲಿನಿಂದ ಬಂದರೆ ಬಹುಮಟ್ಟಿಗೆ ಎಲ್ಲವೂ ಉಳಿತಾಯವೇ. ಬಿಸಿಲಾದರೋ ನಡುಹಗಲಲ್ಲಿ ಇರುವುದು. ಕಾರು ಮನೆಗೆ ಬರುವುದು ರಾತ್ರಿ. ಕಚೇರಿ, ಕಾಲೇಜು, ಬಸ್ ನಿಲ್ದಾಣಗಳಲ್ಲಿ ಹಗಲು ಹೊತ್ತು ಚಾರ್ಜು ಮಾಡುವ ಏರ್ಪಾಡು ಆದಲ್ಲಿ ಮಾತ್ರ ಪಾವಗಡದ ಬಿಸಿಲು ನಮ್ಮ ಗಾಲಿಗಳನ್ನು ತಿರುಗಿಸೀತು.

ಬ್ಯಾಟರಿಯ ತಯಾರಿಕೆಯಲ್ಲಿಯೂ ಶಕ್ತಿ ವ್ಯಯವಾಗುವುದು. 30 ಯೂನಿಟ್ಟಿನ ಬ್ಯಾಟರಿಗೆ ಎರಡರಿಂದ ಮೂರು ಟನ್ ಇಂಗಾಲದ ಡೈಆಕ್ಸೈಡು ಲೆಕ್ಕಕ್ಕೆ ಬರುವುದು. ನೂರು ಕಿಲೋಮೀಟರಿಗೆ ನಾಲ್ಕೂವರೆ ಕಿಲೋಗ್ರಾಮಿನ ಉಳಿತಾಯದಿಂದ ಇದನ್ನು ತೀರಿಸಲು ಕಾರು ನಲವತ್ತೈದರಿಂದ ಅರವತ್ತೈದು ಸಾವಿರ ಕಿಲೋಮೀಟರ್ ಓಡಬೇಕು. ಹಣದ ಲೆಕ್ಕ ಹೇಳಿದ ಮಾತನ್ನೇ ಹೊಗೆಯ ಲೆಕ್ಕವೂ ಹೇಳುತ್ತಿರುವುದನ್ನು ವಾಚಕರು ಗಮನಿಸಬೇಕು. ಒಂದು ಮಾತು ಮಾತ್ರ ವಿದ್ಯುತ್ತಿನ ಪರವಾಗಿದೆ: ಗಾಳಿ, ಬಿಸಿಲುಗಳ ಪಾಲು ಹೆಚ್ಚಿದಂತೆ ಇಂದು ಕೊಂಡ ವಿದ್ಯುತ್ ಕಾರು ವರ್ಷದಿಂದ ವರ್ಷಕ್ಕೆ ನಿರ್ಮಲವಾಗುವುದು. ಪೆಟ್ರೋಲ್ ಕಾರಿಗೆ ಈ ಭಾಗ್ಯವಿಲ್ಲ.

ಕಾವು ಮತ್ತು ಆಯುಷ್ಯ

ಲಿಥಿಯಂ ಬ್ಯಾಟರಿ ಬಹಳ ಕಾವನ್ನು ಸಹಿಸದು. ಬೇಸಗೆಯ ಬಿಸಿಲಿನಲ್ಲಿ ನಿಂತ ಕಾರಿನ ಬ್ಯಾಟರಿ ಬೇಗ ಮುಪ್ಪಾಗುವುದು. ಪದೇಪದೇ ಶೀಘ್ರ ಚಾರ್ಜು ಮಾಡಿದರೆ ಇನ್ನೂ ಬೇಗ. ಒಳಗೆ ದೋಷವಿದ್ದು ಕಾವು ಅಂಕೆ ಮೀರಿದರೆ ಬೆಂಕಿಯೂ ಹೊತ್ತಬಹುದು. 2022ರಲ್ಲಿ ದೇಶದ ಹಲವೆಡೆ ವಿದ್ಯುತ್ ಸ್ಕೂಟರುಗಳಿಗೆ ಬೆಂಕಿ ತಗುಲಿದ ಮೇಲೆ ಸರಕಾರವು ಬ್ಯಾಟರಿಯ ಪರೀಕ್ಷಾನಿಯಮಗಳನ್ನು ಬಿಗಿಗೊಳಿಸಿತು. ಅದೇ ವರ್ಷ ಹಳೆಯ ಬ್ಯಾಟರಿಗಳನ್ನು ಮರಳಿ ಪಡೆದು ಲೋಹಗಳನ್ನು ಬೇರ್ಪಡಿಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸುವ ನಿಯಮಗಳೂ ಬಂದುವು. ಲಿಥಿಯಮ್ಮಿಗಾಗಿ ನಾವು ಇಂದು ಹೊರದೇಶಗಳನ್ನು ಅವಲಂಬಿಸಿದ್ದೇವೆ. ಮಂಡ್ಯ ಜಿಲ್ಲೆಯ ಮರ್ಲಗಲ್ಲದ ಸುತ್ತಿನಲ್ಲಿ ಅಂದಾಜು 1,600 ಟನ್ ಲಿಥಿಯಂ ಇದೆಯೆಂದು ಪ್ರಕಟವಾಗಿದೆಯಾದರೂ ಇದು ದೇಶದ ಅವಶ್ಯಕತೆಯ ಮುಂದೆ ಅಲ್ಪ.

ಯಾರಿಗೆ ಯೋಗ್ಯ?

ಈ ಲೆಕ್ಕಗಳೆಲ್ಲ ಒಂದೇ ಕಡೆಗೆ ಬೆರಳು ಮಾಡುವುವು. ಯಾವ ವಾಹನವು ದಿನಾಲು ಬಹಳ ದೂರ ಓಡುವುದೋ, ಆದರೆ ಒಂದು ಗೊತ್ತಾದ ಎಲ್ಲೆಯೊಳಗೇ ಓಡಿ ಗೊತ್ತಾದ ಸ್ಥಳಕ್ಕೆ ಮರಳುವುದೋ, ಅದಕ್ಕೆ ವಿದ್ಯುತ್ತು ಸರ್ವಥಾ ಯೋಗ್ಯ. ಸವಣೂರು, ಶಿಗ್ಗಾಂವಿಗಳ ನಡುವೆ ದಿನವೆಲ್ಲ ಓಡಾಡುವ ಟಂಟಂ, ಶಾಲೆಯ ವ್ಯಾನು, ಊರೊಳಗಿನ ಬಸ್ಸು ಇವು ಮೊದಲ ಸಾಲಿನವು. ಸ್ಕೂಟರಿನ ಬುತ್ತಿಯೂ ಚಿಕ್ಕದೇ. ಮೂರು ಯೂನಿಟ್ಟಿನಿಂದ ಅದು ನೂರು ಕಿಲೋಮೀಟರಿನಷ್ಟು ಓಡಬಲ್ಲದು, ಮನೆಯ ಸಾಧಾರಣ ಪ್ಲಗ್ಗೇ ಅದಕ್ಕೆ ಸಾಕು. ಅಪರೂಪಕ್ಕೆ ಓಡುವ, ಓಡಿದಾಗ ದೂರ ಓಡುವ ಮನೆಯ ಕಾರು ಕೊನೆಯ ಸಾಲಿನದು. ಆ ದೂರದ ಪ್ರಯಾಣಕ್ಕೆ ಬುತ್ತಿಯನ್ನೇ ಹೊರದ ವಿದ್ಯುತ್ ವಾಹನವೊಂದು ಯಲವಿಗಿಯ ಹಳಿಗಳ ಮೇಲೆ ಆಗಲೇ ಓಡುತ್ತಿದೆಯಲ್ಲವೆ?

ವಿದ್ಯಾರ್ಥಿಗಳು ತಮ್ಮ ಮನೆಯ ಅಥವಾ ನೆರೆಯವರ ವಾಹನವು ಒಂದು ತಿಂಗಳಲ್ಲಿ ಎಷ್ಟು ಓಡುವುದೆಂದು ಬರೆದಿಟ್ಟು, ತಮ್ಮ ಊರಿನ ವಿದ್ಯುತ್ತಿನ ದರ ಮತ್ತು ಪೆಟ್ರೋಲಿನ ಬೆಲೆಗಳನ್ನು ಹಾಕಿ ಮೇಲಿನ ಲೆಕ್ಕವನ್ನು ತಾವೇ ಮಾಡಿ ನೋಡಲಿ. ಅಂಗಡಿಯವನ ಹೊಗಳಿಕೆಗೂ ನೆರೆಯವರ ಅಂಜಿಕೆಗೂ ಆ ಒಂದು ಹಾಳೆಯೇ ತಕ್ಕ ಉತ್ತರವಾಗುವುದು.