ಮೈಸೂರಿನ ಜಾನಪದ ವಸ್ತುಸಂಗ್ರಹಾಲಯ: ಗಡಿನಾಡ ಪರೀಕ್ಷಾ ಅಭ್ಯರ್ಥಿಗಳಿಗೆ ಟಿಪ್ಪಣಿ

ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ ಇರುವುದು ಮಾನಸಗಂಗೋತ್ರಿಯ ಜಯಲಕ್ಷ್ಮಿ ವಿಲಾಸದಲ್ಲಿ. ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರಿಗಾಗಿ 1905ರಲ್ಲಿ ಕಟ್ಟಿದ ಅರಮನೆಯಿದು. ಸಂಗ್ರಹಾಲಯ ರೂಪುಗೊಂಡದ್ದು 1960ರ ದಶಕದ ಕೊನೆಗೆ. ಅರಸುಮನೆತನದ ಸೌಧದಲ್ಲಿ ಇಂದು ಬೇಸಾಯದ ಉಪಕರಣ, ತೊಗಲುಗೊಂಬೆ, ಯಕ್ಷಗಾನದ ವೇಷಭೂಷಣಗಳಿವೆ. ಇತಿಹಾಸವೆಂದರೆ ವಂಶಾವಳಿಯಷ್ಟೇ ಅಲ್ಲ, ದುಡಿಯುವವರ ಬದುಕೂ ಹೌದು ಎಂಬುದಕ್ಕೆ ಇವೇ ಸಾಕ್ಷಿ. 1997ರಲ್ಲಿ ಮೈಸೂರಿನಿಂದ ಬೇರ್ಪಟ್ಟ ಚಾಮರಾಜನಗರ ಜಿಲ್ಲೆಯ ಅಭ್ಯರ್ಥಿಗಳಿಗೆ, ಗುಂಡ್ಲುಪೇಟೆ ತಾಲ್ಲೂಕಿನ ಭೀಮನಬೀಡಿನವರಿಗೂ, ಇದು ನೆರೆಯ ಪಾಠಶಾಲೆ.

ಕಂಸಾಳೆಯಂಥ ವಾದ್ಯವನ್ನು ಗಾಜಿನ ಹಿಂದಿಟ್ಟರೆ ಕಲೆ ಸಾಯುತ್ತದೆ ಎಂಬ ಆಕ್ಷೇಪವುಂಟು. ಅದರಲ್ಲಿ ಸತ್ಯಾಂಶವಿದೆ: ಎಡಗೈಯ ಬಟ್ಟಲಿನಾಕಾರದ ಕಂಚಿಗೆ ಬಲಗೈಯ ದಾರ ಕಟ್ಟಿದ ಚಪ್ಪಟೆ ತಾಳವನ್ನು ಬೀಸಿ ಹೊಡೆದಾಗಲೇ ಅದಕ್ಕೆ ಜೀವ. ಆದರೆ ಕಂಸಾಳೆ ನುಡಿಸುವ ದೇವರಗುಡ್ಡರು ಮಲೆ ಮಹದೇಶ್ವರನ ಕಾವ್ಯವನ್ನು, ನೀಲಗಾರರು ಮಂಟೇಸ್ವಾಮಿ ಕಾವ್ಯವನ್ನು ಇಂದಿಗೂ ಹಾಡುತ್ತಿದ್ದಾರೆ. ಸಂಗ್ರಹಾಲಯ ಈ ಪರಂಪರೆಗೆ ಬದಲಿಯಲ್ಲ, ದಾಖಲೆ. ಬಳಕೆ ತಪ್ಪಿದ ವಸ್ತುವಿನ ಆಕಾರ, ಲೋಹ, ಕೆಲಸಗಾರಿಕೆ ಮುಂದಿನ ಪೀಳಿಗೆಗೆ ತಿಳಿಯಲು ಬೇರೆ ದಾರಿಯಿಲ್ಲ. ಆದ್ದರಿಂದ ಅಭ್ಯರ್ಥಿಗಳು ಇಸವಿಗಳನ್ನು ಬಾಯಿಪಾಠ ಮಾಡುವುದರ ಜೊತೆಗೆ, ಪ್ರತಿ ವಸ್ತುವನ್ನೂ ಅದನ್ನು ಬಳಸುವ ಸಮುದಾಯದೊಂದಿಗೆ ಜೋಡಿಸಿ ಓದಿಕೊಳ್ಳಬೇಕು.